ಮರ: ಸಸ್ಯಶಾಸ್ತ್ರದ ದೃಷ್ಟಿಯಲ್ಲಿ

ಹಲವು ವರ್ಷ ಬದುಕುವ, ನೆಲದಿಂದ ಎದ್ದ ಗಟ್ಟಿ ಕಾಂಡದ ಮೇಲೆ ತನ್ನ ಭಾರವನ್ನು ತಾನೇ ಹೊತ್ತು, ಎಲೆಗಳನ್ನು ಸುತ್ತಲಿನ ಗಿಡಗಂಟಿಗಳಿಗಿಂತ ಎತ್ತರದಲ್ಲಿ ಹರಡಿಕೊಳ್ಳುವ ಸಸ್ಯವನ್ನು ಮರ ಎಂದು ಕರೆಯುತ್ತಾರೆ. ಮೇಲ್ನೋಟಕ್ಕೆ ಸರಳವಾಗಿ ಕಾಣುವ ಈ ವಿವರಣೆಯ ಒಂದೊಂದು ಅಂಶವೂ ಸಸ್ಯಶಾಸ್ತ್ರಜ್ಞರ ಚರ್ಚೆಗೆ ಒಳಗಾಗಿದೆ. ಕಾಂಡ ಎಷ್ಟು ಗಟ್ಟಿಯಾಗಿರಬೇಕು, ಅದು ಒಂದೇ ಆಗಿರಬೇಕೆ, ಅದರಿಂದ ಕೊಂಬೆಗಳು ಒಡೆಯಲೇಬೇಕೆ, ಎತ್ತರ ಎಷ್ಟಿರಬೇಕು ಎಂಬ ಪ್ರಶ್ನೆಗಳಿಗೆ ಎಲ್ಲರೂ ಒಪ್ಪುವ ಉತ್ತರ ಇಂದಿಗೂ ಇಲ್ಲ. ಹುಲ್ಲುಗಳೆಲ್ಲ ಪೋಯೇಸಿ ಎಂಬ ಒಂದೇ ಕುಟುಂಬಕ್ಕೆ, ಸೀತಾಳೆಗಳೆಲ್ಲ ಆರ್ಕಿಡೇಸಿ ಎಂಬ ಇನ್ನೊಂದು ಕುಟುಂಬಕ್ಕೆ ಸೇರುತ್ತವೆ; ಆದರೆ ಮರಗಳೆಲ್ಲವನ್ನೂ ಒಳಗೊಂಡು ಬೇರೆಲ್ಲವನ್ನೂ ಹೊರಗಿಡುವ ಕುಟುಂಬವಾಗಲಿ ಗಣವಾಗಲಿ ಸಸ್ಯಗಳ ವಂಶಾವಳಿಯಲ್ಲಿ ಇಲ್ಲ. ಮರವೆಂಬುದು ಬೆಳವಣಿಗೆಯ ಒಂದು ರೂಪ, ಬೆಳಕಿಗಾಗಿ ನಡೆಯುವ ಪೈಪೋಟಿಯಲ್ಲಿ ಪರಸ್ಪರ ಸಂಬಂಧವಿಲ್ಲದ ಹತ್ತಾರು ಸಸ್ಯವಂಶಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದಾರಿಯಿಂದ ತಲುಪಿದ ಒಂದು ಜೀವನಕ್ರಮ.

ರಕ್ತಸಂಬಂಧಕ್ಕೂ ಈ ರೂಪಕ್ಕೂ ಎಷ್ಟು ಕಡಿಮೆ ನಂಟಿದೆ ಎಂಬುದನ್ನು ಕರ್ನಾಟಕದ ಸಸ್ಯಗಳಲ್ಲಿಯೇ ಕಾಣಬಹುದು. ದಾಂಡೇಲಿಯ ಕಾಡಿನಲ್ಲಿ 30 ಮೀಟರಿಗೂ ಮೀರಿ ಬೆಳೆಯುವ ತೇಗವೂ ಮನೆಯಂಗಳದ ಕಟ್ಟೆಯ ಮೇಲಿನ ತುಳಸಿಯೂ ಲೇಮಿಯೇಸಿ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಹುಣಸೆ, ಹೊನ್ನೆ, ಬೀಟೆ, ಹೊಂಗೆಗಳಂಥ ಮರಗಳು ಹೆಸರು, ಉದ್ದು, ಹುರುಳಿಗಳೊಡನೆ ಫೇಬೇಸಿ ಕುಟುಂಬದಲ್ಲಿವೆ. ಬೆಟ್ಟದ ನೆಲ್ಲಿಯೂ ಹೊಲದ ಬದುವಿನಲ್ಲಿ ಗೇಣುದ್ದ ಬೆಳೆಯುವ ನೆಲನೆಲ್ಲಿಯೂ ಇನ್ನೂ ಹತ್ತಿರದವು. ಎಲೆಗಳು ಗರಿಯಂತೆ ಎರಡು ಸಾಲಾಗಿ ಜೋಡಿಸಿಕೊಂಡಿರುವ ರೀತಿಯಲ್ಲಿಯೂ ಕಡ್ಡಿಗೆ ಅಂಟಿಕೊಂಡ ಗುಂಡು ಕಾಯಿಗಳಲ್ಲಿಯೂ ಅವುಗಳ ಹೋಲಿಕೆ ಎದ್ದು ಕಾಣುವುದರಿಂದ ಎರಡನ್ನೂ ಬಹುಕಾಲದಿಂದ ಫಿಲ್ಯಾಂಥಸ್ ಎಂಬ ಒಂದೇ ಜಾತಿಯಲ್ಲಿ ಇರಿಸಲಾಗಿದೆ. ಒಂದು ಹಲವು ದಶಕ ಬಾಳುವ ಮರ, ಇನ್ನೊಂದು ಮಳೆಗಾಲದಲ್ಲಿ ಹುಟ್ಟಿ ಕೆಲವೇ ತಿಂಗಳಲ್ಲಿ ಬೀಜ ಉದುರಿಸಿ ಸಾಯುವ ಮೂಲಿಕೆ.

ಹಾಗಿದ್ದರೂ ಸಸ್ಯಗಳನ್ನು ವಿಂಗಡಿಸಲು ಹೊರಟ ಪ್ರಾಚೀನರೆಲ್ಲ ಮೊದಲು ಗಮನಿಸಿದ್ದು ಗಾತ್ರ ಮತ್ತು ರೂಪವನ್ನೇ. ಕ್ರಿ.ಪೂ. 4ನೆಯ ಶತಮಾನದಲ್ಲಿ ಹುಟ್ಟಿದ ಗ್ರೀಕ್ ವಿದ್ವಾಂಸ ಥಿಯೋಫ್ರಾಸ್ಟಸ್ ಸಸ್ಯಗಳನ್ನು ಮರ, ಪೊದೆ, ಕಿರುಪೊದೆ, ಮೂಲಿಕೆ ಎಂದು ನಾಲ್ಕಾಗಿ ವಿಂಗಡಿಸಿ, ಬೇರಿನಿಂದ ಒಂದೇ ಕಾಂಡವಾಗಿ ಎದ್ದು ಗಿಣ್ಣು ಕೊಂಬೆಗಳನ್ನು ಪಡೆದು ಸುಲಭಕ್ಕೆ ಕೀಳಲಾಗದ್ದು ಮರ ಎಂದು ಹೇಳಿದ. ಆಲಿವ್ ಮತ್ತು ಅಂಜೂರದ ಜೊತೆಗೆ ದ್ರಾಕ್ಷಿಯನ್ನೂ ಅವನು ಮರದ ಉದಾಹರಣೆಯಾಗಿ ಕೊಡುತ್ತಾನೆ. ಈ ಗಡಿಗಳು ಒಂದರೊಳಗೊಂದು ಬೆರೆಯುತ್ತವೆ, ಕೃಷಿಯಿಂದ ಒಂದು ಗುಂಪಿನ ಸಸ್ಯ ಇನ್ನೊಂದರಂತೆ ಬೆಳೆಯಬಹುದು ಎಂಬ ಎಚ್ಚರವೂ ಅವನಿಗಿತ್ತೆಂಬುದು ಅವನ ವೀಕ್ಷಣೆಯ ಸೂಕ್ಷ್ಮತೆಗೆ ಸಾಕ್ಷಿ. ಭಾರತದಲ್ಲಿ ಚರಕ ಮತ್ತು ಸುಶ್ರುತ ಸಂಹಿತೆಗಳ ವಿಂಗಡಣೆ ಬೇರೆಯ ಲಕ್ಷಣಗಳನ್ನು ಹಿಡಿಯುತ್ತದೆ. ಹೂವು ಕಾಣದೆ ಹಣ್ಣು ಬಿಡುವವು ವನಸ್ಪತಿ, ಹೂವು ಹಣ್ಣು ಎರಡನ್ನೂ ಬಿಡುವವು ವಾನಸ್ಪತ್ಯ ಅಥವಾ ವೃಕ್ಷ, ಹಣ್ಣಾದೊಡನೆ ಸಾಯುವವು ಓಷಧಿ, ಹಬ್ಬುವವು ವೀರುಧ. ಇಲ್ಲಿ ಮರಗಳಲ್ಲಿಯೇ ಎರಡು ಬಗೆಯಾಗಲು ಕಾರಣ ಅತ್ತಿ, ಆಲ, ಬಸರಿಗಳ ವಿಶಿಷ್ಟ ರಚನೆ. ಹಣ್ಣಿನಂತೆ ಕಾಣುವ ಅವುಗಳ ಗುಂಡು ಚೀಲದ ಒಳಗೋಡೆಯ ಮೇಲೆ ನೂರಾರು ಸಣ್ಣ ಹೂಗಳು ಅಡಗಿರುತ್ತವೆ ಮತ್ತು ತುದಿಯ ಕಿರಿದಾದ ರಂಧ್ರದಿಂದ ನುಸುಳುವ ಕಣಜ ಜಾತಿಯ ಕೀಟವೇ ಅವುಗಳಿಗೆ ಪರಾಗಸ್ಪರ್ಶ ಮಾಡುತ್ತದೆ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಈ ಗುಂಪನ್ನು ಬೇರೆಯಾಗಿ ಗುರುತಿಸಿದ್ದು ಸಣ್ಣ ಸಾಧನೆಯಲ್ಲ.

ಯುರೋಪಿನಲ್ಲಿ 17ನೆಯ ಶತಮಾನದ ಕೊನೆಯವರೆಗೂ, ಜಾನ್ ರೇ ಮತ್ತು ಟೂರ್ನ್‌ಫೋರ್‌ರಂಥ ದೊಡ್ಡ ವಿದ್ವಾಂಸರ ಕೃತಿಗಳಲ್ಲಿಯೂ, ಮರ ಮತ್ತು ಮೂಲಿಕೆಗಳ ಭೇದ ವರ್ಗೀಕರಣದ ಮೊದಲ ಮೆಟ್ಟಿಲಾಗಿಯೇ ಉಳಿಯಿತು. ಲಿನೇಯಸ್ 1753ರ ತನ್ನ ಗ್ರಂಥದಲ್ಲಿ ಹೂವಿನ ಕೇಸರ ಮತ್ತು ಶಲಾಕೆಗಳನ್ನೇ ಆಧಾರವಾಗಿಟ್ಟುಕೊಂಡಾಗ ಅದು ಕೆಳಗಿಳಿಯಿತು. ಬಳಿಕವೂ ಒಮ್ಮೆ, 1926ರಲ್ಲಿ, ಬ್ರಿಟಿಷ್ ಸಸ್ಯಶಾಸ್ತ್ರಜ್ಞ ಜಾನ್ ಹಚಿನ್‌ಸನ್ ದ್ವಿದಳ ಸಸ್ಯಗಳನ್ನು ಕಾಷ್ಠ ಸಸ್ಯಗಳು ಮತ್ತು ಮೂಲಿಕೆಗಳು ಎಂಬ ಎರಡು ಮಹಾಶಾಖೆಗಳಾಗಿ ಒಡೆಯಲು ಯತ್ನಿಸಿದ; ಇದರಿಂದ ಕೊತ್ತಂಬರಿ, ಜೀರಿಗೆಗಳ ಕುಟುಂಬವು ತನ್ನ ಅತಿ ಹತ್ತಿರದ ಮರಬಂಧುಗಳಾದ ಅರೇಲಿಯೇಸಿ ಕುಟುಂಬದಿಂದ ದೂರ ಬಿದ್ದದ್ದೇ ಮೊದಲಾದ ಅಸಂಗತಿಗಳು ಕಂಡುಬಂದು ಆ ಪದ್ಧತಿಯನ್ನು ಯಾರೂ ಮುಂದುವರಿಸಲಿಲ್ಲ.

ಮರಕ್ಕೆ ಅಂಗರಚನೆಯ ಲಕ್ಷಣವೊಂದನ್ನು ಹುಡುಕಿದವರು ಕಾಷ್ಠವನ್ನು, ಅಂದರೆ ಮರದ ಕಟ್ಟಿಗೆಯನ್ನು, ಆರಿಸಿಕೊಂಡರು. ಸಸ್ಯವೊಂದು ಉದ್ದಕ್ಕೆ ಬೆಳೆಯುವುದು ಕುಡಿ ಮತ್ತು ಬೇರುತುದಿಗಳಲ್ಲಿರುವ ವರ್ಧನ ಅಂಗಾಂಶದಿಂದ. ಇದು ಪ್ರಾಥಮಿಕ ಬೆಳವಣಿಗೆ. ಮಾವು, ಹಲಸು, ತೇಗಗಳಂಥ ಸಸ್ಯಗಳಲ್ಲಿ ಇದರ ಜೊತೆಗೆ ತೊಗಟೆಯ ಒಳಮಗ್ಗುಲಲ್ಲಿ ಕ್ಯಾಂಬಿಯಂ ಎಂಬ ತೆಳುವಾದ ಕೋಶಪದರವೊಂದು ಕಾಂಡವನ್ನು ಸುತ್ತುವರಿದಿರುತ್ತದೆ. ಅದು ಒಳಮುಖವಾಗಿ ನೀರು ಸಾಗಿಸುವ ಕ್ಸೈಲಂ ಅಂಗಾಂಶವನ್ನೂ ಹೊರಮುಖವಾಗಿ ಎಲೆಯಲ್ಲಿ ತಯಾರಾದ ಆಹಾರವನ್ನು ಸಾಗಿಸುವ ಫ್ಲೋಯಂ ಅಂಗಾಂಶವನ್ನೂ ವರ್ಷವರ್ಷವೂ ಹೊಸದಾಗಿ ಕೂಡಿಸುತ್ತ ಹೋಗುವುದರಿಂದ ಕಾಂಡ ದಪ್ಪವಾಗುತ್ತದೆ. ಇದು ದ್ವಿತೀಯಕ ಬೆಳವಣಿಗೆ. ಹೀಗೆ ಕೂಡಿದ ಕ್ಸೈಲಂ ರಾಶಿಯೇ ಕಟ್ಟಿಗೆ. ಅದರ ಕೋಶಭಿತ್ತಿಗಳಲ್ಲಿ ಸೆಲ್ಯುಲೋಸಿನ ಎಳೆಗಳ ನಡುವೆ ಲಿಗ್ನಿನ್ ಎಂಬ ವಸ್ತು ತುಂಬಿಕೊಂಡು ಅವನ್ನು ಬಿಗಿಗೊಳಿಸುತ್ತದೆ. ನೀರು ಹರಿಯುವ ಹೊರಭಾಗ ರಸಕಾಷ್ಠವಾದರೆ, ಕೆಲಸ ನಿಲ್ಲಿಸಿ ಬಣ್ಣದ ವಸ್ತುಗಳನ್ನೂ ರಾಳವನ್ನೂ ತುಂಬಿಕೊಂಡ ಒಳಭಾಗ ಚೇಗು. ಬೀಟೆಯ ಕಪ್ಪುನೇರಳೆ ಬಣ್ಣವೂ ಶ್ರೀಗಂಧದ ಪರಿಮಳವೂ ಈ ಚೇಗಿನದೇ. ಉದ್ದಕ್ಕೆ ಬೆಳೆಯುವ ಕೆಲಸ ತುದಿಯಲ್ಲಿ ಮಾತ್ರ ನಡೆಯುವುದರಿಂದ ಕಾಂಡಕ್ಕೆ ಎದೆಯ ಮಟ್ಟದಲ್ಲಿ ಹೊಡೆದ ಮೊಳೆ ಐವತ್ತು ವರ್ಷದ ಮೇಲೂ ಅದೇ ಎತ್ತರದಲ್ಲಿರುತ್ತದೆ, ಆದರೆ ಕ್ಯಾಂಬಿಯಂ ಹೊಸ ಕಟ್ಟಿಗೆಯನ್ನು ಅದರ ಮೇಲೆ ಹರಡಿ ನುಂಗಿಬಿಟ್ಟಿರುತ್ತದೆ.

ಈ ಲಕ್ಷಣವನ್ನೇ ಕಟ್ಟುನಿಟ್ಟಾಗಿ ಹಿಡಿದರೆ ತೆಂಗು, ಅಡಿಕೆ, ತಾಳೆ, ಈಚಲುಗಳು ಮರಗಳಾಗುವುದಿಲ್ಲ. ಇವು ಏಕದಳ ಸಸ್ಯಗಳು. ಇವುಗಳ ಕಾಂಡದಲ್ಲಿ ಕ್ಯಾಂಬಿಯಂ ಇಲ್ಲ. ತೆಂಗಿನ ಸಸಿ ಮೊದಲ ಕೆಲವು ವರ್ಷ ಎತ್ತರಕ್ಕೆ ಏರದೆ, ಸುಳಿಯ ಕೆಳಗಿನ ಅಂಗಾಂಶವನ್ನು ಅಗಲಿಸಿಕೊಳ್ಳುತ್ತ ನೆಲಮಟ್ಟದಲ್ಲಿಯೇ ತನ್ನ ಪೂರ್ತಿ ದಪ್ಪವನ್ನು ಪಡೆದುಕೊಂಡು, ಅನಂತರವೇ ಕಂಬದಂತೆ ಮೇಲೇಳುತ್ತದೆ. ಆಮೇಲೆ ಬುಡ ಹೊಸ ಪದರಗಳನ್ನು ಕೂಡಿಸಿಕೊಂಡು ದಪ್ಪವಾಗುವ ಸಾಧ್ಯತೆ ಇಲ್ಲದ್ದರಿಂದ ಬರಗಾಲದಲ್ಲಿ ಸೊರಗಿದ ಸುಳಿ ಆ ವರ್ಷ ಕಟ್ಟಿದ ಕಾಂಡದ ಭಾಗ ಸಣ್ಣ ನಡುವಿನಂತೆ ಉಳಿದುಹೋಗುತ್ತದೆ, ಮುಂದೆ ಎಷ್ಟೇ ಗೊಬ್ಬರ ನೀರು ಕೊಟ್ಟರೂ ಅದು ತುಂಬಿಕೊಳ್ಳುವುದಿಲ್ಲ. ಕರಾವಳಿಯ ತೋಟಗಳಲ್ಲಿ ಹತ್ತುವವರ ಕಾಲಿಗೆಂದು ಕಡಿದ ಕಚ್ಚುಗಳು ಮರ ಬದುಕಿರುವವರೆಗೂ ಹಾಗೆಯೇ ಕಾಣುತ್ತಿರುವುದಕ್ಕೂ ಇದೇ ಕಾರಣ. ಮಾವಿನ ಗಾಯವನ್ನು ಮುಚ್ಚುವ ಕ್ಯಾಂಬಿಯಂ ತೆಂಗಿಗಿಲ್ಲ. ಕಾಂಡದ ಮೇಲಿನ ಬಳೆಗಳಂಥ ಗುರುತುಗಳು ಉದುರಿದ ಗರಿಗಳ ಕಲೆಗಳೇ ಹೊರತು ತೇಗದ ಕೊರಡಿನಲ್ಲಿ ಕಾಣುವ ವಾರ್ಷಿಕ ವಲಯಗಳಲ್ಲ. ಆದರೂ ಎತ್ತರದ ತಳಿಯ ತೆಂಗು ವರ್ಷಕ್ಕೆ ಸುಮಾರು 12ರಿಂದ 14 ಗರಿ ಬಿಡುವುದರಿಂದ ಈ ಕಲೆಗಳನ್ನು ಎಣಿಸಿ ವಯಸ್ಸನ್ನು ಸ್ಥೂಲವಾಗಿ ಅಂದಾಜು ಮಾಡಬಹುದು.

ಅಡ್ಡ ಕೊಯ್ದ ತೆಂಗಿನ ಕೊರಡನ್ನು ಹತ್ತಿರದಿಂದ ನೋಡಿದರೆ ವಲಯಗಳ ಬದಲು ಕಂದು ಚುಕ್ಕೆಗಳು ಕಾಣುತ್ತವೆ. ಒಂದೊಂದು ಚುಕ್ಕೆಯೂ ನೀರು ಮತ್ತು ಆಹಾರವನ್ನು ಸಾಗಿಸುವ ನಾಳಗಳ ಒಂದು ಕಟ್ಟು. ಹೊರಅಂಚಿನಲ್ಲಿ ಅವು ಒತ್ತೊತ್ತಾಗಿ ನೆರೆದು ಕೊಡಲಿಗೆ ಜಗ್ಗದಷ್ಟು ಗಟ್ಟಿಯಾಗಿರುತ್ತವೆ, ನಡುವಿಗೆ ಬಂದಂತೆ ವಿರಳವಾಗಿ ಮೆತ್ತಗಿನ ತಿರುಳಿನಲ್ಲಿ ಚದುರಿರುತ್ತವೆ. ಬರ್ಮಾದ ಕಾಡುಗಳಲ್ಲಿ ತೇಗವನ್ನು ನಿಂತಲ್ಲಿಯೇ ಒಣಗಿಸಲು ಬುಡದ ಸುತ್ತ ತೊಗಟೆಯನ್ನೂ ರಸಕಾಷ್ಠವನ್ನೂ ಉಂಗುರದಂತೆ ಕಡಿದು ಬಿಡುತ್ತಿದ್ದರು. ನಾಳಗಳು ಕಾಂಡದ ಉದ್ದಗಲಕ್ಕೂ ಹರಡಿರುವ ತೆಂಗನ್ನು ಹೊರಪದರ ಸುಲಿದು ಹಾಗೆ ಕೊಲ್ಲಲಾಗದು. ಕಟ್ಟಿಗೆಯ ಶಾಸ್ತ್ರೀಯ ವ್ಯಾಖ್ಯೆಗೆ ಒಳಪಡದಿದ್ದರೂ ಇಂಥ ಕಾಂಡದ ಮೇಲೆ ತೆಂಗು 25 ಮೀಟರಿಗೂ ಹೆಚ್ಚು ಎತ್ತರಕ್ಕೆ ಏರಿ, ಬಿರುಗಾಳಿಗೆ ಬಾಗಿ, ಮುಕ್ಕಾಲು ಶತಮಾನ ಫಲ ಕೊಡುತ್ತದೆ. ಒಂದು ಅಂಗಾಂಶದ ಹಾಜರಿಗಿಂತ ಸಸ್ಯವು ಬದುಕುವ ರೀತಿಗೆ ಹೆಚ್ಚು ಬೆಲೆ ಕೊಡಬೇಕೆಂಬ ಪಕ್ಷಕ್ಕೆ ತೆಂಗಿಗಿಂತ ಬಲವಾದ ಆಧಾರ ಸಿಗಲಾರದು. ಇಂದಿನ ಹೆಚ್ಚಿನ ಗಣತಿಗಳು ತಾಳೆಯ ಬಳಗವನ್ನು ಮರಗಳಲ್ಲಿಯೇ ಸೇರಿಸುತ್ತಿರುವುದು ಸರಿಯಾದ ಕ್ರಮ. ಇದೇ ಬಳಗದ ಶ್ರೀತಾಳೆ ಹಲವು ದಶಕ ಬರಿಯ ಎಲೆಗಳನ್ನೇ ಬಿಟ್ಟು, ಕೊನೆಗೊಮ್ಮೆ ನೆತ್ತಿಯ ಮೇಲೆ ಸಸ್ಯಲೋಕದಲ್ಲಿಯೇ ಅತಿ ದೊಡ್ಡದೆನಿಸುವ ಕವಲೊಡೆದ ಹೂಗೊಂಚಲನ್ನು ಎತ್ತಿ, ಕಾಯಿ ಮಾಗಿಸಿ ಸಾಯುತ್ತದೆ. ಏಕದಳಗಳಲ್ಲಿಯೂ ಡ್ರಸೀನದಂಥ ಕೆಲವು ಜಾತಿಗಳು ಬೇರೊಂದು ಬಗೆಯ ವರ್ಧನ ಅಂಗಾಂಶದಿಂದ ದಪ್ಪಗೆ ಬೆಳೆದು ಕವಲೊಡೆಯುತ್ತವೆ. ಕೆನರಿ ದ್ವೀಪಗಳ ಡ್ರ್ಯಾಗನ್ ಮರ ಇದಕ್ಕೆ ಪ್ರಸಿದ್ಧ ನಿದರ್ಶನ.

ಬಾಳೆಯ ವಿಚಾರ ಹೀಗಲ್ಲ. ಅದರಲ್ಲಿ ಕಾಂಡದಂತೆ ಕಾಣುವುದು ಒಂದರೊಳಗೊಂದು ಸುತ್ತಿಕೊಂಡ ಎಲೆಗಳ ಬುಡದ ಹಾಳೆಗಳು, ಒಂದೊಂದಾಗಿ ಬಿಡಿಸುತ್ತ ಹೋದರೆ ಗೊನೆ ಬಿಡದ ಬಾಳೆಯ ನಡುವೆ ಎಳೆಯ ಎಲೆಯ ಸುರುಳಿಯ ಹೊರತು ಬೇರೇನೂ ಸಿಗುವುದಿಲ್ಲ. ನಿಜವಾದ ಕಾಂಡ ನೆಲದೊಳಗಿನ ಗಡ್ಡೆ. ಹೂ ಬಿಡುವ ಕಾಲ ಬಂದಾಗ ಮಾತ್ರ ಅದರಿಂದ ದಿಂಡು ಎದ್ದು ಹಾಳೆಗಳ ನಡುವೆ ನುಸುಳಿ ಮೇಲೆ ಗೊನೆಯಾಗಿ ಹೊರಬರುತ್ತದೆ. ಗೊನೆ ಕಡಿದ ಮೇಲೆ ನೆಲದ ಮೇಲಿನ ಭಾಗ ಸತ್ತು ಗಡ್ಡೆಯಿಂದ ಹೊಸ ಕಂದುಗಳು ಏಳುತ್ತವೆ. ಎತ್ತರ ಆರೇಳು ಮೀಟರಿದ್ದರೂ ನೆಲದ ಮೇಲೆ ಬಾಳುವ ಕಾಂಡವಿಲ್ಲದ ಬಾಳೆ ಮರವಲ್ಲ, ಭಾರಿ ಗಾತ್ರದ ಮೂಲಿಕೆ. ಪಪಾಯ ಈ ಎರಡರ ನಡುವೆ ನಿಲ್ಲುತ್ತದೆ: ಅದಕ್ಕೆ ಕ್ಯಾಂಬಿಯಂ ಇದೆ, ಆದರೆ ಅದರ ಒಳಗಿನ ಕ್ಸೈಲಂ ಲಿಗ್ನಿನ್ ಕಡಿಮೆಯಾಗಿ ಮೆತ್ತಗಿದ್ದು, ಕಾಂಡವನ್ನು ನೆಟ್ಟಗೆ ನಿಲ್ಲಿಸುವ ಕೆಲಸದ ಬಹುಪಾಲನ್ನು ತೊಗಟೆಯ ಭಾಗದ ನಾರುಗಳೂ ಕೋಶಗಳಲ್ಲಿ ತುಂಬಿದ ನೀರಿನ ಒತ್ತಡವೂ ಮಾಡುತ್ತವೆ.

ಬಿದಿರು ರಾಗಿ, ಭತ್ತಗಳ ಕುಟುಂಬದ ಹುಲ್ಲು. ಮೆಳೆಯ ಬುಡದಿಂದ ಕಳಲೆ ಹೊರಬರುವಾಗಲೇ ಅದರ ಸುತ್ತಳತೆ ನಿಗದಿಯಾಗಿರುತ್ತದೆ. ಒಂದೇ ಮಳೆಗಾಲದ ಕೆಲವು ತಿಂಗಳಲ್ಲಿ ಅದು ಪೂರ್ತಿ ಎತ್ತರ ಮುಟ್ಟಿ, ಆಮೇಲಿನ ಎರಡು ಮೂರು ವರ್ಷಗಳಲ್ಲಿ ಗಟ್ಟಿಯಾಗುತ್ತದೆಯೇ ಹೊರತು ದಪ್ಪವಾಗುವುದಿಲ್ಲ. ಹೆಬ್ಬಿದಿರು ಹಲವು ದಶಕಗಳಿಗೊಮ್ಮೆ ಒಂದು ಸೀಮೆಯಲ್ಲೆಲ್ಲ ಏಕಕಾಲಕ್ಕೆ ಹೂ ಬಿಟ್ಟು ಬಿದಿರಕ್ಕಿ ಉದುರಿಸಿ ಮೆಳೆಗೆ ಮೆಳೆಯೇ ಒಣಗುವುದು ಹುಲ್ಲಿನ ಓಷಧಿಗುಣವನ್ನು ನೆನಪಿಸುತ್ತದೆ. ಕಾಷ್ಠ ಬಳ್ಳಿಗಳು ಇದಕ್ಕೆ ವಿರುದ್ಧ ತುದಿಯವು. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡುಗಳಲ್ಲಿ ತೊಡೆಯ ಗಾತ್ರದ ಬಳ್ಳಿಗಳಿಗೆ ಕ್ಯಾಂಬಿಯಂ, ಕಟ್ಟಿಗೆ, ದೀರ್ಘಾಯುಷ್ಯ ಎಲ್ಲವೂ ಇದ್ದರೂ ತಮ್ಮ ಭಾರವನ್ನು ಇತರ ಮರಗಳ ಮೇಲೆ ಹೊರಿಸುವುದರಿಂದ ಅವು ಮರಗಳ ಲೆಕ್ಕಕ್ಕೆ ಬರುವುದಿಲ್ಲ.

ಒಂದೇ ಕಾಂಡ ಇರಬೇಕೆಂಬ ನಿಯಮವು ಮರವನ್ನು ಪೊದೆಯಿಂದ ಬೇರ್ಪಡಿಸಲು ಹುಟ್ಟಿದ್ದು. ಬುಡದಿಂದಲೇ ಹಲವು ಕಾಂಡಗಳಾಗಿ ಒಡೆಯುವ ಲಂಟಾನದಂಥವು ಪೊದೆಗಳು. ಆದರೆ ಒಂದೇ ಪ್ರಭೇದ ಎರಡೂ ರೂಪಗಳನ್ನು ತಾಳಬಲ್ಲದು. ರಾಮನಗರ, ಕೋಲಾರಗಳ ಕಡೆ ರೇಷ್ಮೆಹುಳುವಿಗಾಗಿ ಮತ್ತೆ ಮತ್ತೆ ಕತ್ತರಿಸುವ ಹಿಪ್ಪುನೇರಳೆ ಸೊಂಟದೆತ್ತರದ ಕಡ್ಡಿಗಳ ಗುಂಪಾಗಿ ಉಳಿಯುತ್ತದೆ. ಅದನ್ನೇ ಒಂಟಿ ಕಾಂಡವಾಗಿ ಬಿಟ್ಟರೆ ದೊಡ್ಡ ಮರವಾಗುತ್ತದೆ. ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಕೈಗೆಟಕುವಂತೆ ತುದಿ ಚಿವುಟಿ ಕಾಯುವ ರೊಬಸ್ಟಾ ಕಾಫಿಯೂ, ಸೊಂಟದ ಮಟ್ಟದಲ್ಲಿ ಕೊಯ್ಯುವ ಚಹವೂ ಹಾಗೆಯೇ; ಕತ್ತರಿ ತಾಗದಿದ್ದರೆ ಅವು ಹತ್ತು ಮೀಟರಿನ ಆಸುಪಾಸು ಬೆಳೆಯಬಲ್ಲವು. ಆಲದಲ್ಲಿ ಈ ನಿಯಮ ಪೂರ್ತಿಯಾಗಿ ಸೋಲುತ್ತದೆ. ಹಕ್ಕಿ ಉದುರಿಸಿದ ಬೀಜ ಇನ್ನೊಂದು ಮರದ ಕವಲಿನಲ್ಲಿ ಮೊಳೆತು, ಬೇರುಗಳನ್ನು ಕೆಳಗಿಳಿಸಿ ಬದುಕು ಆರಂಭಿಸುವುದು ಅದರಲ್ಲಿ ಸಾಮಾನ್ಯ. ಮುಂದೆ ಕೊಂಬೆಗಳಿಂದ ಇಳಿಯುವ ಬಿಳಲುಗಳು ನೆಲ ಹೊಕ್ಕು ಕಾಂಡಗಳಾಗಿ ದಪ್ಪವಾಗುತ್ತವೆ. ಹೌರಾದ ಸಸ್ಯೋದ್ಯಾನದ ಮಹಾ ಆಲದ ಮೂಲ ಕಾಂಡ ಶಿಲೀಂಧ್ರರೋಗಕ್ಕೆ ತುತ್ತಾದ್ದರಿಂದ 1925ರಲ್ಲಿ ಅದನ್ನು ತೆಗೆದುಹಾಕಬೇಕಾಯಿತು, ಮರ ಬಿಳಲುಗಳ ಮೇಲೆ ಹಬ್ಬುತ್ತಲೇ ಇದೆ. ಬೆಂಗಳೂರಿನ ಬಳಿ ಕೆತ್ತೋಹಳ್ಳಿಯಲ್ಲಿ ಸುಮಾರು ಮೂರು ಎಕರೆಗೆ ಹರಡಿದ ದೊಡ್ಡ ಆಲದ ಮರವೂ ಮೂಲ ಕಾಂಡವನ್ನು ರೋಗಕ್ಕೆ ಕಳೆದುಕೊಂಡು ಇದೇ ಸ್ಥಿತಿಯಲ್ಲಿದೆ. ಅಮೆರಿಕದ ಯೂಟಾದಲ್ಲಿರುವ ಪ್ಯಾಂಡೊ ಎಂಬ ಆಸ್ಪೆನ್ ತೋಪಿನಲ್ಲಿ ಸುಮಾರು 43 ಹೆಕ್ಟೇರುಗಳಲ್ಲಿ ನಿಂತಿರುವ 47,000ದಷ್ಟು ಕಾಂಡಗಳು ಒಂದೇ ಬೇರಿನ ವ್ಯವಸ್ಥೆಯಿಂದ ಎದ್ದ, ತಳಿಗುಣದಲ್ಲಿ ಒಂದೇ ಆದ ಜೀವಿ.

ಎತ್ತರದ ಮಿತಿಯಂತೂ ಒಪ್ಪಂದದ ಮಾತು. ಡೆನ್ಮಾರ್ಕಿನ ಕ್ರಿಸ್ಟನ್ ರೌನ್‌ಕಿಯರ್ 20ನೆಯ ಶತಮಾನದ ಆರಂಭದಲ್ಲಿ ಮರ, ಪೊದೆ ಎಂಬ ಮಾತುಗಳನ್ನೇ ಬದಿಗಿಟ್ಟು, ಪ್ರತಿಕೂಲ ಋತುವಿನಲ್ಲಿ ಸಸ್ಯದ ಮೊಗ್ಗುಗಳು ನೆಲದಿಂದ ಎಷ್ಟು ಮೇಲಿರುತ್ತವೆ ಎಂಬುದನ್ನು ಆಧಾರವಾಗಿಟ್ಟುಕೊಂಡ. 2 ಮೀಟರ್, 8 ಮೀಟರ್, 30 ಮೀಟರ್ ಎಂಬ ಗೆರೆಗಳು ಅವನ ಪದ್ಧತಿಯವು. ಕ್ಯಾಲಿಫೋರ್ನಿಯದ ಹೈಪೀರಿಯನ್ ಎಂಬ ರೆಡ್‌ವುಡ್ ಸುಮಾರು 116 ಮೀಟರ್ ಎತ್ತರವಿದೆ. ನೀರನ್ನು ಅಷ್ಟು ಮೇಲಕ್ಕೆ ಎಳೆಯುವಾಗ ಹೆಚ್ಚುವ ಸೆಳೆತದಿಂದಾಗಿ ಯಾವ ಮರವೂ 130 ಮೀಟರನ್ನು ದಾಟಲಾರದೆಂದು ಅದೇ ಕಾಡುಗಳಲ್ಲಿ ನಡೆದ ಅಳತೆಗಳು ಸೂಚಿಸಿವೆ. ಇನ್ನೊಂದು ತುದಿಯಲ್ಲಿ, ಉತ್ತರ ಧ್ರುವ ಸೀಮೆಯ ಕುಬ್ಜ ವಿಲೋ ಕಟ್ಟಿಗೆಯ ಕಾಂಡವುಳ್ಳದ್ದಾದರೂ ಕೆಲವೇ ಸೆಂಟಿಮೀಟರ್ ಎತ್ತರ ನೆಲಕ್ಕಂಟಿ ಬೆಳೆಯುತ್ತದೆ.

ಮರದ ರೂಪ ಮೊದಲು ಕಾಣಿಸಿಕೊಂಡದ್ದು ಹೂವೂ ಬೀಜವೂ ಇನ್ನೂ ಬಂದಿರದ ಕಾಲದಲ್ಲಿ, ಡಿವೋನಿಯನ್ ಯುಗದಲ್ಲಿ. ನ್ಯೂಯಾರ್ಕ್ ರಾಜ್ಯದ ಗಿಲ್ಬೋವದಲ್ಲಿ 19ನೆಯ ಶತಮಾನದಿಂದಲೇ ತಿಳಿದಿದ್ದ, ಸುಮಾರು 38.5 ಕೋಟಿ ವರ್ಷ ಹಳೆಯ ಬೊಡ್ಡೆಗಳ ಮೇಲ್ಭಾಗ ಹೇಗಿತ್ತೆಂಬುದು 2007ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಸ್ಪಷ್ಟವಾಯಿತು: ಕನಿಷ್ಠ 8 ಮೀಟರ್ ಎತ್ತರದ, ಅಗಲ ಎಲೆಗಳಿಲ್ಲದ, ತುದಿಯಲ್ಲಿ ಮಾತ್ರ ಕವಲುಗಳ ಗೊಂಚಲಿದ್ದ ವಾಟೀಜ ಎಂಬ ಸಸ್ಯವದು. ಅದರ ಬಳಿಕ ಹೆಚ್ಚು ಹರಡಿದ ಆರ್ಕಿಯಾಪ್ಟೆರಿಸ್ ಪೈನಿನಂಥ ಕಟ್ಟಿಗೆಯನ್ನು ಕಟ್ಟಿಕೊಂಡಿದ್ದರೂ ಜರೀಗಿಡಗಳಂತೆ ಬೀಜಕಣಗಳಿಂದ ವಂಶ ಬೆಳೆಸುತ್ತಿತ್ತು. ಕಲ್ಲಿದ್ದಲಿನ ಯುಗದ ಲೆಪಿಡೊಡೆಂಡ್ರಾನ್ 30 ಮೀಟರಿಗೂ ಮೀರಿದ್ದು, ಅದರ ಬಲ ಕಟ್ಟಿಗೆಗಿಂತ ದಪ್ಪ ತೊಗಟೆಯಲ್ಲಿತ್ತು. ಅದರ ಬಳಗದಲ್ಲಿ ಇಂದು ಉಳಿದಿರುವವು ಗೇಣು ಮೊಳದ ಸಣ್ಣ ಸಸ್ಯಗಳು. ಪಶ್ಚಿಮ ಘಟ್ಟದ ತೊರೆಗಳ ಬದಿಯಲ್ಲಿ ಬೆಳೆಯುವ ಮರಜರಿಗಳು ಇನ್ನೂ ಹಳೆಯ ಉಪಾಯವನ್ನು ಉಳಿಸಿಕೊಂಡಿವೆ: ಕಾಂಡದ ಸುತ್ತ ಹೆಣೆದುಕೊಂಡ ಬೇರುಗಳ ದಪ್ಪ ಹೊದಿಕೆಯೇ ಅವುಗಳಿಗೆ ಆಸರೆ.

ಹೂಬಿಡುವ ಸಸ್ಯಗಳ ಪೂರ್ವಜ ಕಾಷ್ಠ ಸಸ್ಯವಾಗಿತ್ತು, ಮೂಲಿಕೆಗಳು ಅದರಿಂದ ಅನೇಕ ಬಾರಿ ಒಡೆದವು ಎಂಬುದು ಇಂದು ಬಹುಮಟ್ಟಿಗೆ ಒಪ್ಪಿತವಾದ ಅಭಿಪ್ರಾಯ. ಆದರೆ ದಾರಿ ಹಿಂದಕ್ಕೂ ತೆರೆದಿದೆ. ದೊಡ್ಡ ಮರಗಳು ತಲುಪಲಾರದ ದೂರದ ದ್ವೀಪಗಳಲ್ಲಿ ಮೂಲಿಕೆಗಳು ಮರಗಳಾಗುವುದನ್ನು ಡಾರ್ವಿನ್ 1859ರಲ್ಲಿಯೇ ಗುರುತಿಸಿದ್ದ. ಗಲಾಪಗೋಸ್‌ನ ಸ್ಕಲೇಸಿಯ ಸೂರ್ಯಕಾಂತಿಯ ಕುಟುಂಬದ್ದಾಗಿದ್ದೂ ಕಾಡು ಕಟ್ಟುವ ಮರ. ಇದು ಹೇಗೆ ಸಾಧ್ಯವೆಂಬುದಕ್ಕೆ 2008ರಲ್ಲಿ ಪ್ರಕಟವಾದ ಪ್ರಯೋಗವೊಂದು ಬೆಳಕು ಚೆಲ್ಲಿತು: ಸಾಸಿವೆಯ ಬಂಧುವಾದ ಅರಾಬಿಡಾಪ್ಸಿಸ್ ಎಂಬ ಪುಟ್ಟ ವಾರ್ಷಿಕ ಗಿಡದಲ್ಲಿ ಹೂಬಿಡುವ ಕಾಲವನ್ನು ನಿಯಂತ್ರಿಸುವ ಎರಡು ಜೀನ್‌ಗಳನ್ನು ನಿಷ್ಕ್ರಿಯಗೊಳಿಸಿದಾಗ ಅದು ಹಲವು ಋತು ಬದುಕಿ, ಕ್ಯಾಂಬಿಯಂ ಚುರುಕಾಗಿ, ಪುಟ್ಟ ಪೊದೆಯಂತೆ ಕಟ್ಟಿಗೆ ಕೂಡಿಸಿಕೊಂಡಿತು. ಮರವಾಗುವ ಸಲಕರಣೆ ಆ ಮೂಲಿಕೆಯಲ್ಲಿ ಅಳಿದಿರಲಿಲ್ಲ, ಬಳಕೆಯಾಗದೆ ಉಳಿದಿತ್ತು ಅಷ್ಟೆ.

ಪ್ರಕೃತಿಯಲ್ಲಿ ಗೆರೆ ಇಷ್ಟು ಮಸುಕಾಗಿರುವುದರಿಂದ, ಮರಗಳನ್ನು ಎಣಿಸುವವರೂ ಕಾಯುವವರೂ ತಮ್ಮ ಕೆಲಸಕ್ಕೆ ತಕ್ಕ ಗೆರೆಗಳನ್ನು ಎಳೆದುಕೊಳ್ಳಬೇಕಾಗಿದೆ. ಅಂತಾರಾಷ್ಟ್ರೀಯ ಸಸ್ಯೋದ್ಯಾನ ಸಂರಕ್ಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಪಟ್ಟಿ, ಸಾಮಾನ್ಯವಾಗಿ ಒಂದೇ ಕಾಂಡದಿಂದ 2 ಮೀಟರಾದರೂ ಬೆಳೆಯುವ ಅಥವಾ ಹಲವು ಕಾಂಡಗಳಿದ್ದರೆ ಎದೆಮಟ್ಟದಲ್ಲಿ 5 ಸೆಂಟಿಮೀಟರ್ ವ್ಯಾಸದ ಒಂದಾದರೂ ನೆಟ್ಟನೆಯ ಕಾಂಡವುಳ್ಳ ಕಾಷ್ಠ ಸಸ್ಯವನ್ನು ಮರವೆಂದು ಹಿಡಿದು 60,065 ಪ್ರಭೇದಗಳನ್ನು ಹೆಸರಿಸಿತು. ಇನ್ನೂ ಹೆಸರು ಪಡೆಯದವನ್ನೂ ಸೇರಿಸಿದರೆ ಅವು ಸುಮಾರು 73,000 ಇರಬಹುದೆಂಬುದು 2022ರ ಅಂದಾಜು. ಭೂಮಿಯ ಮೇಲೆ 3.04 ಲಕ್ಷ ಕೋಟಿ ಮರಗಳಿವೆಯೆಂಬ 2015ರ ಪ್ರಸಿದ್ಧ ಲೆಕ್ಕ ಎದೆಮಟ್ಟದಲ್ಲಿ 10 ಸೆಂಟಿಮೀಟರಿಗಿಂತ ದಪ್ಪವಾದ ಕಾಂಡಗಳಿಗೆ ಮಾತ್ರ ಸಂಬಂಧಿಸಿದ್ದು. ಎದೆಮಟ್ಟ ಎಂಬುದು ಕೂಡ ಎಲ್ಲೆಡೆ ಒಂದೇ ಅಲ್ಲ, ಹಲವು ದೇಶಗಳಲ್ಲಿ 1.3 ಮೀಟರ್ ಆದರೆ ಭಾರತದ ಅರಣ್ಯ ಇಲಾಖೆಗಳಲ್ಲಿ 1.37 ಮೀಟರ್. ಕಾನೂನಿನಲ್ಲಿ ಈ ಗೆರೆಗಳ ಪರಿಣಾಮ ಜನಜೀವನಕ್ಕೆ ನೇರವಾಗಿ ತಟ್ಟುತ್ತದೆ. 1994ರ ದೆಹಲಿಯ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ನೆಲದಿಂದ 30 ಸೆಂಟಿಮೀಟರ್ ಮೇಲೆ 5 ಸೆಂಟಿಮೀಟರ್ ವ್ಯಾಸವೂ 1 ಮೀಟರ್ ಎತ್ತರವೂ ಇಲ್ಲದ ಸಸ್ಯ ಮರವಲ್ಲ. 1927ರ ಭಾರತೀಯ ಅರಣ್ಯ ಕಾಯಿದೆಯ ವ್ಯಾಖ್ಯೆಯಲ್ಲಿ ತಾಳೆಯ ಬಳಗ, ಬೆತ್ತ, ಬೊಡ್ಡೆ, ಕುರುಚಲುಗಳ ಜೊತೆಗೆ ಬಿದಿರೂ ಮರವಾಗಿತ್ತು. ಇದರಿಂದ ಸ್ವಂತ ಜಮೀನಿನಲ್ಲಿ ಬಿದಿರು ಬೆಳೆದವರೂ ಅದನ್ನು ಕಡಿದು ಸಾಗಿಸಲು ಅನುಮತಿಗಾಗಿ ಅಲೆಯಬೇಕಾಗುತ್ತಿತ್ತು. 2017ರ ನವೆಂಬರಿನಲ್ಲಿ ಸುಗ್ರೀವಾಜ್ಞೆಯೊಂದರ ಮೂಲಕ ಆ ಒಂದು ಪದವನ್ನು ವ್ಯಾಖ್ಯೆಯಿಂದ ತೆಗೆದುಹಾಕಲಾಯಿತು; ಮುಂದೆ ಸಂಸತ್ತು ಅದನ್ನು ತಿದ್ದುಪಡಿ ಕಾಯಿದೆಯಾಗಿ ಅಂಗೀಕರಿಸಿತು.